ಪಕ್ಕದ ಟ್ರೇಗೆ ಹೋದ ಕೈ

ಕಾತ್ಯಾಯಿನಿ ಮಲ್ಲಂದೂರಿನ ಒಂದು ಖಾಸಗಿ ಶಾಲೆಯಲ್ಲಿ ಎಂಟು ವರ್ಷ ಸಮಾಜ ಪಾಠ ಹೇಳಿದವಳು. ಅಷ್ಟೂ ವರ್ಷ ನಮ್ಮ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳ ಊರು ಕಳಸದ ಹತ್ತಿರ. ತಂದೆ ಮೇಷ್ಟರಾಗಿದ್ದವರು, ಈಗಿಲ್ಲ. ತಾಯಿಯನ್ನು ಅಣ್ಣ ಪ್ರಸಾದ ನೋಡಿಕೊಳ್ಳುತ್ತಾನೆ, ದೇವಸ್ಥಾನದ ಪೂಜೆಯೂ ಅವನದೇ. ಮೂವತ್ತೊಂದನೆಯ ವಯಸ್ಸಿನಲ್ಲಿ ಅವಳು ಶಾಲೆಯ ಕೆಲಸ ಬಿಟ್ಟು ಮತ್ತೆ ಓದಲು ಹೊರಟಳು. ಏನು ಓದುತ್ತಾಳೆ ಎಂದು ಊರಿನವರೆಲ್ಲ ಕೇಳಿದರು, ಒಬ್ಬೊಬ್ಬರು ಒಂದೊಂದು ತರಹ ತಿಳಿದುಕೊಂಡರು. ನಾನು ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಅವಳ ಹತ್ತಿರ ಕೇಳಿ ಕೇಳಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ಕೇಳಿದಾಗ ನಾನು ಅಂಗಡಿಯಲ್ಲಿ ಸಕ್ಕರೆ ತೂಗುತ್ತಿದ್ದೆ.

"ಮನಸ್ಸಿನ ಬಗ್ಗೆ ಓದೋದು ವಿಶಾಲಮ್ಮ. ಸೈಕಾಲಜಿ."

"ಹುಚ್ಚು ಬಿಡಿಸೋ ಡಾಕ್ಟರಾ?"

"ಅಲ್ಲ. ಇದು ರಿಸರ್ಚಿನ ಎಂ.ಎಸ್ಸಿ. ಯಾರನ್ನೂ ಗುಣ ಮಾಡೋದಿಲ್ಲ. ಒಂದು ಪ್ರಶ್ನೆ ಇಟ್ಕೊಂಡು ಅದರ ಹಿಂದೆ ಹೋಗೋದು."

"ಎಷ್ಟು ಪ್ರಶ್ನೆ?"

"ಒಂದೇ."

"ಎಷ್ಟು ದಿನ?"

"ಎರಡು ವರ್ಷ."

ನಾನು ತಕ್ಕಡಿ ಕೆಳಗಿಟ್ಟೆ. "ನಿನ್ನ ಕ್ಲಾಸಿನ ಮಕ್ಕಳು ಒಂದು ಪ್ರಶ್ನೆಗೆ ಎರಡು ವರ್ಷ ತಗೊಂಡಿದ್ರೆ ನೀನು ಎಂತ ಮಾಡ್ತಿದ್ದೆ ಮಾರಾಯ್ತಿ?"

ಅವಳು ನಕ್ಕಳು. ಆಮೇಲೆ ಆ ಪ್ರಶ್ನೆ ಯಾವುದು ಎಂದು ಹೇಳಿದಳು. ಅವಳ ತಾಯಿ ಅಕ್ಕಿ ಆರಿಸುವಾಗ ಪಕ್ಕದ ಮನೆಯವರ ಜೊತೆ ಮಾತಾಡುತ್ತಲೇ ಇರುತ್ತಿದ್ದರಂತೆ. ಮೊರದ ಕಡೆ ನೋಡುತ್ತಾರೋ ಇಲ್ಲವೋ ಅನ್ನಿಸುತ್ತಿತ್ತಂತೆ. ಆದರೂ ಅನ್ನದಲ್ಲಿ ಒಂದು ಕಲ್ಲೂ ಸಿಗುತ್ತಿರಲಿಲ್ಲ. ಗಂಡನಿಗೆ ಕಾಯಿಲೆಯಾದ ವರ್ಷ ಆಕೆ ಮಾತು ಬಿಟ್ಟರು. ಮೊರದ ಮೇಲೆ ಬಗ್ಗಿ, ಕಣ್ಣು ಕೀಲಿಸಿ ಆರಿಸಿದರು. ಆ ವರ್ಷ ದಿನಾ ಅನ್ನದಲ್ಲಿ ಕಲ್ಲು.

"ಚಿಂತೆಗೆ ಹಾಗಾಗ್ತದೆ," ಎಂದೆ.

"ಚಿಂತೆಗಾ? ಇಲ್ಲ ಮಾತಿಲ್ಲದ್ದಕ್ಕಾ? ಬಾಯಿ ಮಾತಾಡುವಾಗ ಕಣ್ಣು ಎಂತ ಮಾಡ್ತದೆ? ಅದೇ ಪ್ರಶ್ನೆ."

ಅವತ್ತು ಮಧ್ಯಾಹ್ನ ನಾನು ತೊಗರಿಬೇಳೆ ಆರಿಸಲು ಕೂತು, ಅರ್ಧ ಬೇಳೆಯನ್ನು ಮಾತಾಡದೆ, ಇನ್ನರ್ಧವನ್ನು ಮಗ ಶಶಿಕಿರಣನ ಜೊತೆ ಮಾತಾಡುತ್ತಾ ಆರಿಸಿದೆ. ಏನೂ ಗೊತ್ತಾಗಲಿಲ್ಲ. ಮಾತಾಡುವಾಗ ನನ್ನ ಮಾತನ್ನೇ ಕೇಳಿಸಿಕೊಳ್ಳುತ್ತಿದ್ದೆ, ಸುಮ್ಮನಿದ್ದಾಗ ನನ್ನ ಸುಮ್ಮನಿರುವಿಕೆಯನ್ನೇ ನೋಡುತ್ತಿದ್ದೆ. ಸಂಜೆ ಅವಳಿಗೆ ಇದನ್ನು ಹೇಳಿದರೆ, "ಅದಕ್ಕೇ ವಿಶಾಲಮ್ಮ, ನಮ್ಮನ್ನ ನಾವೇ ನೋಡ್ಕೊಳ್ಳೋಕಾಗಲ್ಲ. ಬೇರೆಯವರ ಹತ್ರ ಹೋಗ್ಬೇಕು," ಎಂದು ಒಂದು ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಬೇಳೆಯ ವಿಷಯ ಬರೆದುಕೊಳ್ಳುವಂಥದ್ದು ಎಂದು ನನಗೆ ಅನ್ನಿಸಿರಲಿಲ್ಲ.

ಬೇರೆಯವರು ಸಿಗುವ ಜಾಗ ಎರಡು ಮೈಲಿ ಮೇಲಿನ ಎಸ್ಟೇಟಿನಲ್ಲಿತ್ತು. ಆ ಎಸ್ಟೇಟಿನವರು ಅತ್ತಿಗುಂಡಿ, ಬಾಬಾಬುಡನ್‌ಗಿರಿ ಕಡೆಗೆ ಹೋಗುವ ಟೂರಿಸ್ಟರಿಗೆ ತಮ್ಮದೇ ಕಾಫಿಪುಡಿ ಮಾರುತ್ತಾರೆ. ಅದಕ್ಕಾಗಿ ಸಿಪ್ಪೆ ತೆಗೆದ ಬೀಜವನ್ನು ಅಲ್ಲೇ ಒಂದು ಶೆಡ್ಡಿನಲ್ಲಿ ಹನ್ನೆರಡು ಹೆಂಗಸರು ಕೈಯಿಂದ ಆರಿಸುತ್ತಾರೆ. ಕಪ್ಪಾದದ್ದು, ಹುಳ ಹೊಡೆದದ್ದು, ಒಡಕು ಎಲ್ಲ ತೆಗೆದು ಹಾಕಬೇಕು. ಶೆಡ್ಡಿಗೆ ಹನ್ನೊಂದು ಗಂಟೆಯ ಕಾಫಿ ಮಾಡುವವಳು ನಾನು. ಹಾಗಾಗಿ ಅವಳನ್ನು ಕರೆದುಕೊಂಡು ಹೋಗಿ ರೈಟರ್ ಲಿಂಗಪ್ಪನವರ ಮುಂದೆ ನಿಲ್ಲಿಸಿದೆ. ಎಸ್ಟೇಟಿನ ಹಾಜರಿ, ಕೆಲಸ ಎಲ್ಲ ಅವರ ಕೈಯಲ್ಲಿ. ಶೆಡ್ಡಿನಲ್ಲಿ ಮಾತು ಕೇಳಿದರೆ ಅವರಿಗೆ ಆಗುವುದಿಲ್ಲ. ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ನಿಂತು, "ಬಾಯಿ ಮುಚ್ಚಿ, ಕಣ್ಣು ಬಿಡಿ," ಎನ್ನುತ್ತಾರೆ.

"ಮಾತಾಡ್ದೆ ಕೂತ್ರೆ ಕೆಲ್ಸ ಚೆನ್ನಾಗಾಗ್ತದೆ ಅಂತ ಬರೆದ್ಬಿಡಿ ಟೀಚ್ರೆ. ಗೋಡೆಗೆ ಫ್ರೇಮ್ ಹಾಕಿಸ್ತೇನೆ," ಎಂದರು ಲಿಂಗಪ್ಪ.

"ಅದು ಗೊತ್ತಿಲ್ಲ ಅಂತಲೇ ನೋಡೋಕೆ ಬಂದಿರೋದು ಸಾರ್."

"ಗೊತ್ತಿಲ್ದೇ ಇರೋದೆಂತದು? ನಂಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು."

ಆದರೂ ಒಪ್ಪಿದರು. ಒಪ್ಪಿ, ಒಂದು ಮಾತು ಸೇರಿಸಿದರು. ಬಣ್ಣ ನೋಡಿ ಬೀಜ ಬೇರೆ ಮಾಡುವ ಮಿಷನ್ ತರಿಸುವ ಮಾತು ನಡೆದಿದೆ, ಅದು ಬಂದರೆ ಆರು ಜನ ಸಾಕು, ಯಾರ ಕೈ ಚುರುಕು ಎಂದು ನೀವು ಒಂದು ಲಿಸ್ಟ್ ಕೊಟ್ಟರೆ ಅನುಕೂಲ ಎಂದರು. ಕಾತ್ಯಾಯಿನಿ, ಯಾರ ಹೆಸರನ್ನೂ ಯಾರಿಗೂ ಹೇಳುವಂತಿಲ್ಲ, ನನ್ನ ಕಾಗದದಲ್ಲಿ ಬರೀ ನಂಬರ್ ಇರುತ್ತದೆ ಎಂದಳು. "ನೋಡುವ ನೋಡುವ," ಎಂದರು ಲಿಂಗಪ್ಪ.

ಹೆಂಗಸರಿಗೂ ಅವಳು ಅದನ್ನೇ ಹೇಳಿ, ಒಬ್ಬೊಬ್ಬರಿಂದ ಒಪ್ಪಿಗೆಯ ಸಹಿ ತೆಗೆದುಕೊಂಡಳು. ತನುಜಾ ಎಂಬ ಹುಡುಗಿ ಅಲ್ಲಿ ಎಲ್ಲರಿಗಿಂತ ಬಾಯಿ ಜೋರು, ಕೈಯೂ ಜೋರು. ಸಹಿ ಹಾಕುತ್ತಾ, "ಟೀಚ್ರೆ, ಮನಸ್ಸು ನೋಡ್ತೀರಂತೆ. ಮೊದ್ಲು ನನ್ ಗಂಡಂದು ನೋಡ್ಬಿಡಿ. ಇದ್ಯೋ ಇಲ್ವೋ ಅಂತ ಆದ್ರೂ ಗೊತ್ತಾಗ್ಲಿ," ಎಂದಳು. ಇಡೀ ಶೆಡ್ಡು ನಕ್ಕಿತು. ದೇವೀರಮ್ಮ ಮಾತ್ರ ಕಾಗದವನ್ನು ಮುಖದ ಹತ್ತಿರಕ್ಕೆ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ಕೊನೆಗೆ ಹೆಬ್ಬೆಟ್ಟು ಒತ್ತಿದಳು. ಅರವತ್ತು ದಾಟಿದ ಹೆಂಗಸು, ಆ ಶೆಡ್ಡಿಗೆ ಎಲ್ಲರಿಗಿಂತ ಹಳಬಳು.

ಕಾತ್ಯಾಯಿನಿಯ ಕೆಲಸದ ರೀತಿ ಹೀಗಿತ್ತು. ಅರ್ಧ ಕೆ.ಜಿ. ಒಳ್ಳೆ ಬೀಜಕ್ಕೆ ಎಣಿಸಿ ನಲವತ್ತು ಕೆಟ್ಟ ಬೀಜ ಬೆರೆಸಿ ಒಂದು ಟ್ರೇ. ಹೆಂಗಸಿಗೊಂದರಂತೆ ಹನ್ನೆರಡು ಟ್ರೇ. ಕಾಲು ಗಂಟೆ ಆರಿಸಬೇಕು. ಒಂದು ದಿನ ಮಾತಿಲ್ಲದೆ, ಒಂದು ದಿನ ಮಾತಾಡುತ್ತಾ, ಹೀಗೆ ಎಂಟು ದಿನ. ಆಮೇಲೆ ಪ್ರತಿ ಟ್ರೇಯಲ್ಲಿ ಎಷ್ಟು ಕೆಟ್ಟ ಬೀಜ ಉಳಿದಿದೆ ಎಂದು ಅವಳು ಎಣಿಸುವುದು. ಕೇಳಲು ಸುಲಭ. ಬೀಜ ಎಣಿಸಿ ಬೆರೆಸುವುದಕ್ಕೇ ಅವಳಿಗೆ ದಿನಾ ಬೆಳಿಗ್ಗೆ ಮೂರು ತಾಸು ಬೇಕಾಗುತ್ತಿತ್ತು.

ಹೆಂಗಸರು ಆರಿಸುವಾಗ ಅವಳು ಶೆಡ್ಡಿನ ಒಳಗೆ ಇರುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ.

"ಯಾರಾದ್ರೂ ನೋಡ್ತಾ ಇದ್ರೆ ಜನ ಬೇರೆ ತರ ಮಾಡ್ತಾರೆ ವಿಶಾಲಮ್ಮ. ಲಿಂಗಪ್ಪನವ್ರು ಬಾಗಿಲಿಗೆ ಬಂದ್ರೆ ಇವ್ರ ಕೈ ಹೇಗೆ ಓಡ್ತದೆ ನೋಡಿದೀರಲ್ಲ. ಹಾಗಾಗಬಾರ್ದು."

ಅವಳು ಗೋಡೆಯ ಆಚೆ ಮೊಬೈಲಿನಲ್ಲಿ ಹೊತ್ತು ನೋಡುತ್ತಾ ಕೂರುವಳು. ಅಲ್ಲಿಂದ "ಹ್ಞೂಂ" ಎಂದರೆ ಒಳಗೆ ನಾನು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯಬೇಕು. ಶುರುವಿಗೊಂದು ಏಟು, ಮುಗಿಯುವುದಕ್ಕೊಂದು ಏಟು. ನಾನು ಹೆಂಗಸರಿಗೆ ಹೊಸಬಳಲ್ಲ, ಕಾಫಿ ತರುವವಳು. ನಾನಿದ್ದರೆ ಇಲ್ಲದ ಹಾಗೆ.

ಎಂಟು ದಿನ ಚೆನ್ನಾಗಿಯೇ ನಡೆಯಿತು. ಒಂಬತ್ತನೆಯ ದಿನ ಕಾತ್ಯಾಯಿನಿ ಲೆಕ್ಕವನ್ನೆಲ್ಲ ತನ್ನ ಯೂನಿವರ್ಸಿಟಿಯ ಗೈಡ್ ಮೇಡಂಗೆ ಕಳಿಸಿದಳು. ಮೂರು ದಿನಕ್ಕೆ ಮೇಡಂ ಫೋನು ಬಂತು. ಅಂಗಡಿಯ ಜಗಲಿಯ ಮೇಲೆ ಮಾತ್ರ ನೆಟ್‌ವರ್ಕ್ ನಿಲ್ಲುವುದು, ಅವಳು ಅಲ್ಲೇ ನಿಂತಿದ್ದಳು. ಮೊದಲು ನಗುನಗುತ್ತಾ ಮಾತಾಡಿದಳು, ಆಮೇಲೆ ಬರೀ "ಇಲ್ಲ ಮೇಡಂ, ಇಲ್ಲ ಮೇಡಂ," ಅಷ್ಟೇ. ಫೋನು ಇಟ್ಟು ಗೋಣಿಚೀಲದ ಮೇಲೆ ಕೂತುಬಿಟ್ಟಳು.

"ಎಂತಾಯ್ತು?"

"ತೊಂಬತ್ತಾರು ಟ್ರೇ. ಎಲ್ಲದ್ರಲ್ಲೂ ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು ಸಿಕ್ಕಿದೆ. ಹನ್ನೆರಡು ಜನಾನೂ ಒಂದೇ. ಮಾತಾಡಿದ ದಿನಾನೂ ಅಷ್ಟೇ, ಮಾತಾಡದ ದಿನಾನೂ ಅಷ್ಟೇ."

"ಒಳ್ಳೇದಲ್ವಾ ಮತ್ತೆ?"

"ಮನುಷ್ಯರು ಹೀಗೆ ಬರೋದಿಲ್ಲ ಅಂತಾರೆ ಮೇಡಂ. ಯಾರೋ ಒಬ್ರು ಮೂವತ್ತು, ಒಬ್ರು ಇಪ್ಪತ್ತೈದು ಇರ್ಲೇಬೇಕು. ಇದು ಎಣಿಸಿದ ಲೆಕ್ಕ ಅಲ್ಲ, ಕೂತು ಬರೆದ ಲೆಕ್ಕ ಅಂದ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳೇ ಕಳ್ಳ ಲೆಕ್ಕ ಬರೆದಿದ್ದಾಳೆ ಎಂದು ಅನುಮಾನ. ಹದಿನೈದು ದಿನದೊಳಗೆ ಸರಿಯಾದ ವಿವರಣೆ ಕೊಡದಿದ್ದರೆ ವಿಷಯ ಕಮಿಟಿಗೆ ಹೋಗುತ್ತದೆ, ಅವಳ ರಿಜಿಸ್ಟ್ರೇಷನ್ನೇ ರದ್ದಾಗುತ್ತದೆ. ಶಾಲೆಯ ಕೆಲಸ ಆಗಲೇ ಬೇರೆಯವರಿಗೆ ಹೋಗಿತ್ತು. ಓದೂ ಹೋದರೆ ಅವಳಿಗೆ ಉಳಿಯುವುದು ಕಳಸದ ಬಸ್ಸು.

ಅವಳು ಅಳಲಿಲ್ಲ. ಪುಸ್ತಕ ತೆಗೆದು ಮೊದಲ ದಿನದಿಂದ ಓದಿಕೊಳ್ಳುತ್ತಾ ಹೋದಳು. ಬೀಜ ಬೆರೆಸಿದ್ದು ಸರಿ, ಎಣಿಸಿದ್ದು ಸರಿ, ಹೊತ್ತು ಸರಿ. ನಾನು ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದೆ. ತುಂಬಾ ಹೊತ್ತಿನ ಮೇಲೆ ಕೇಳಿದಳು:

"ವಿಶಾಲಮ್ಮ, ಒಳಗೆ ಇದ್ದವರು ನೀವೊಬ್ರೇ. ಎಲ್ಲರೂ ಅವರವರ ಟ್ರೇನೇ ಆರಿಸಿದ್ರಾ?"

"ಹೌದು. ಅವರವರದ್ದು ಆದ ಮೇಲೆ ಪಕ್ಕದ್ದು."

"ಪಕ್ಕದ್ದು ಅಂದ್ರೆ?"

"ತನ್ನದು ಮುಗಿದವಳು ಸುಮ್ನೆ ಕೂರ್ತಾಳಾ? ಪಕ್ಕದವಳ ಟ್ರೇಗೆ ಕೈ ಹಾಕ್ತಾಳೆ. ಅದು ಯಾವಾಗಿನಿಂದಲೂ ಹಾಗೇ. ಒಬ್ಬಳದ್ದು ಉಳಿದ್ರೆ ಯಾರೂ ಎದ್ದೇಳೋದಿಲ್ಲ ಆ ಶೆಡ್ಡಲ್ಲಿ."

ಅವಳು ನನ್ನ ಮುಖವನ್ನೇ ನೋಡಿದಳು. "ಎಂಟೂ ದಿನಾನಾ?"

"ಎಂಟೂ ದಿನ."

"ನನಗೆ ಯಾಕೆ ಹೇಳಲಿಲ್ಲ?"

ಅದು ಹೇಳುವಂಥ ವಿಷಯ ಎಂದು ನನಗೆ ಗೊತ್ತಿದ್ದರೆ ತಾನೆ? ಅವರು ಉಸಿರಾಡಿದರು, ಸೆರಗು ಸರಿ ಮಾಡಿಕೊಂಡರು ಎಂದು ಹೇಳಿದೆನೇ? ಹಾಗೇ ಇದೂ. ಕಾತ್ಯಾಯಿನಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಬಗ್ಗಿದಳು. ಅಳುತ್ತಾಳೆ ಎಂದುಕೊಂಡೆ. ಹೆಗಲು ಅಲುಗುತ್ತಿತ್ತು. ನೋಡಿದರೆ ನಗುತ್ತಿದ್ದಾಳೆ.

"ನೋಡಿದ್ರೆ ಬದಲಾಗ್ತಾರೆ ಅಂತ ನಾನು ಹೊರಗೆ ಕೂತೆ," ಎಂದಳು. "ಗೋಡೆ ನೋಡ್ಕೊಂಡು ಎಂಟು ದಿನ ಕೂತೆ ನಾನು!"

ಮಾರನೆಯ ದಿನ ಶೆಡ್ಡಿನಲ್ಲಿ ಕೇಳಿದಾಗ ತನುಜಾ ಅವಳನ್ನೇ ತರಾಟೆಗೆ ತೆಗೆದುಕೊಂಡಳು. "ಪರೀಕ್ಷೆ ನಿಮ್ದು ಅಂದ್ರಲ್ಲ ಟೀಚ್ರೆ? ಒಂದು ಟ್ರೇಲಿ ಕರಿ ಬೀಜ ಉಳಿದ್ರೂ ನೀವು ಫೇಲಾಗ್ಬಾರ್ದು ಅಂತ ನಾವು ಬೆರಳು ಸವೆಸಿದ್ದೇವೆ. ಈಗ ನೋಡಿದ್ರೆ ಜಾಸ್ತಿ ಚೆನ್ನಾಗಿ ಮಾಡಿದ್ದೇ ತಪ್ಪಾ? ನಿಮ್ ಯೂನಿವರ್ಸಿಟಿಗೆ ಕೆಟ್ಟ ಕಾಫಿ ಕುಡ್ದೇ ಅಭ್ಯಾಸ ಕಾಣ್ತದೆ!"

ಗೈಡ್ ಮೇಡಂಗೆ ವಿಷಯ ಹೇಳಿದಾಗ ಅವರ ದನಿ ಮೆತ್ತಗಾಯಿತಂತೆ. ದಾರಿ ಸುಲಭ ಎಂದರು. ಒಬ್ಬೊಬ್ಬರ ನಡುವೆ ಅಡ್ಡ ಇಟ್ಟು, ಪಕ್ಕದ ಟ್ರೇಗೆ ಕೈ ಹೋಗದ ಹಾಗೆ ಮಾಡಿ, ಮತ್ತೆ ಎಂಟು ದಿನ ಮಾಡಿಸು, ಹೊಸ ಲೆಕ್ಕ ಕಳಿಸು, ಹಳೆಯದನ್ನು ಮರೆತುಬಿಡೋಣ ಎಂದರು. ಕಾತ್ಯಾಯಿನಿ ನಮ್ಮ ಅಂಗಡಿಯ ಬಿಸ್ಕತ್ತಿನ ರಟ್ಟಿನ ಡಬ್ಬಗಳನ್ನೆಲ್ಲ ಕೇಳಿ ತೆಗೆದುಕೊಂಡು ಜಗಲಿಯಲ್ಲಿ ಕತ್ತರಿಸುತ್ತಾ ಕೂತಳು. ಲಿಂಗಪ್ಪನವರಿಗೂ ಸುದ್ದಿ ಮುಟ್ಟಿತು, ಅವರಿಗೆ ಬಹಳ ಖುಷಿ. "ಈಗ ಸರಿ ಆಯ್ತು ನೋಡಿ. ಒಬ್ಬೊಬ್ಬರದ್ದೂ ಬೇರೆ ಬೇರೆ ಗೊತ್ತಾಗ್ತದೆ. ನಾನೂ ಬಾಗಿಲ ಹತ್ರ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೋತೇನೆ," ಎಂದರು.

ಆ ದಿನ ಸಂಜೆ ದೇವೀರಮ್ಮ ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತಳು. ಏನೂ ಕೊಳ್ಳಲಿಲ್ಲ. ರಟ್ಟು ಕತ್ತರಿಸುವ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಇದ್ದಳು.

"ಟೀಚ್ರೆ, ಅದು ಎಷ್ಟು ಎತ್ತರ ಇಡ್ತೀರಿ?"

"ಪಕ್ಕದವರು ಕಾಣದಷ್ಟು ದೇವೀರಮ್ಮ."

"ನಂಗೆ ಪಕ್ಕದವ್ರು ಈಗ್ಲೂ ಕಾಣಲ್ಲ."

ಕಾತ್ಯಾಯಿನಿಯ ಕತ್ತರಿ ನಿಂತಿತು.

ದೇವೀರಮ್ಮ ಜಗಲಿಯ ಮೇಲೆ ಕೂತು ತಾನೇ ಹೇಳಿದಳು. ಎರಡು ವರ್ಷದಿಂದ ಕಣ್ಣ ಮುಂದೆ ಹೊಗೆ. ಚಿಕ್ಕಮಗಳೂರಿನಲ್ಲಿ ತೋರಿಸಿದ್ದಾಗಿದೆ, ಪೊರೆಯಲ್ಲ, ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದಿದ್ದಾರೆ. ಅವಳು ಈಗ ಬೀಜ ಆರಿಸುವುದು ಬೆರಳಿನಿಂದ. "ಹುಳ ಹೊಡೆದದ್ದು ಬೆರಳಿಗೆ ಹಗುರ ಬರ್ತದೆ. ಒಡಕು ಚುಚ್ತದೆ. ಕರಿದು ಮಾತ್ರ ಗೊತ್ತಾಗಲ್ಲ, ಒಳ್ಳೇದ್ರ ಹಾಗೇ ಇರ್ತದೆ. ಕರಿದನ್ನ ತನುಜಾ ತೆಗೀತಾಳೆ. ನಾನು ಅವಳ ಟ್ರೇಲಿ ಅವಳಿಗೆ ಕಾಣದ ಸಣ್ಣ ತೂತಿನದ್ದು ತೆಗೀತೇನೆ. ನಮ್ಮ ನಮ್ಮಲ್ಲಿ ಸರಿಹೋಗಿದೆ. ರಟ್ಟು ಇಟ್ರೆ ಲಿಂಗಪ್ಪನವ್ರಿಗೆ ಒಂದೇ ದಿನಕ್ಕೆ ಗೊತ್ತಾಗ್ತದೆ. ನಂದೊಂದು ಬಿಟ್ಬಿಡಿ ಟೀಚ್ರೆ. ಹನ್ನೊಂದು ಜನ ಸಾಲದಾ?"

ಹನ್ನೊಂದು ಜನ ಕೂತು ಒಬ್ಬಳು ಹೊರಗೆ ನಿಂತರೆ ಯಾಕೆ ಎಂದು ಇಡೀ ಎಸ್ಟೇಟು ಕೇಳುತ್ತದೆ. ಅದು ಮೂವರಿಗೂ ಗೊತ್ತಿತ್ತು.

ಅವಳು ಹೋದ ಮೇಲೆ ಕಾತ್ಯಾಯಿನಿ ನನ್ನ ಕಡೆ ತಿರುಗಿದಳು. "ಇದೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೊನ್ನೆ ಅಷ್ಟೆಲ್ಲ ಕೇಳಿದೆ. ಆವಾಗ್ಲೂ ಹೇಳಲಿಲ್ಲ."

"ನೀನು ಕೈ ಎಲ್ಲಿಗೆ ಹೋಯ್ತು ಅಂತ ಕೇಳಿದೆ, ಹೇಳಿದೆ. ಅವಳ ಕಣ್ಣಿನ ಮಾತು ಅವಳದ್ದು, ನಂದಲ್ಲ."

ಆಮೇಲಿನ ಎರಡು ದಿನ ಕತ್ತರಿಸಿದ ರಟ್ಟು ಜಗಲಿಯಲ್ಲಿ ಹಾಗೇ ಬಿದ್ದಿತ್ತು. ಅಡ್ಡ ಇಟ್ಟರೆ ಅವಳ ಓದು ಉಳಿಯುತ್ತದೆ, ದೇವೀರಮ್ಮನ ಕೆಲಸ ಹೋಗುತ್ತದೆ. ಇಡದಿದ್ದರೆ ಅವಳು ಕಳ್ಳಿ ಅನ್ನಿಸಿಕೊಳ್ಳಬಹುದು. ಯಾವುದು ಸರಿ ಎಂದು ಪುಣ್ಯಕ್ಕೆ ಅವಳು ನನ್ನನ್ನು ಕೇಳಲಿಲ್ಲ. ಬೇರೆ ಏನೇನೋ ಕೇಳಿದಳು. ಶೆಡ್ಡಿನಲ್ಲಿ ಮೊದಲು ಯಾರ ಕೈ ಏಳುತ್ತದೆ? ಯಾರ ಟ್ರೇ ಹಿಂದೆ ಬಿದ್ದಿದೆ ಎಂದು ತಲೆ ಎತ್ತದೆ ಹೇಗೆ ಗೊತ್ತಾಗುತ್ತದೆ? ಯಾರಾದರೂ "ಬಾ" ಎಂದು ಕರೆಯುತ್ತಾರಾ? ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಯಾರೂ ಕರೆಯುವುದಿಲ್ಲ. ಆದರೆ ಹಿಂದೆ ಬಿದ್ದವಳ ಮಾತು ನಿಧಾನವಾಗುತ್ತದೆ. ಹರಟೆಯಲ್ಲಿ ಅವಳು "ಹ್ಞಾಂ, ಹ್ಞೂಂ" ಅಷ್ಟೇ ಅನ್ನತೊಡಗಿದರೆ ಅವಳ ಟ್ರೇ ಇನ್ನೂ ತುಂಬಾ ಇದೆ ಎಂದು ಅರ್ಥ. ಇಷ್ಟು ವರ್ಷ ಕೇಳಿದ್ದೇನೆ, ಹೀಗೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದು ಪೆನ್ನು ಹುಡುಕಿದಳು. ಅವತ್ತು ಸಾಯಂಕಾಲವೇ ಆ ರಟ್ಟುಗಳನ್ನು ನೀರಿನ ಒಲೆಗೆ ಹಾಕಿದಳು.

ಅಡ್ಡ ಇಟ್ಟು ಮಾಡಿಸುವುದಿಲ್ಲ ಎಂದು ಅವಳು ಮೇಡಂಗೆ ಹೇಳಿದ್ದಕ್ಕೆ ವಿಷಯ ಕಮಿಟಿಗೆ ಹೋಯಿತು. ಕಮಿಟಿಯವರು ಮೊಬೈಲಿನಲ್ಲೇ ಮುಖ ತೋರಿಸಿ ಮಾತಾಡಿದರು. ಗೈಡ್ ಮೇಡಂ, ಇನ್ನಿಬ್ಬರು ಸಾರುಗಳು. ನೆಟ್‌ವರ್ಕಿಗಾಗಿ ಜಗಲಿಯಲ್ಲೇ ಸ್ಟೂಲು, ಅದರ ಮೇಲೆ ಅಕ್ಕಿ ಡಬ್ಬ, ಡಬ್ಬಕ್ಕೆ ಒರಗಿಸಿ ಮೊಬೈಲು. ಬಂದ ಗಿರಾಕಿಗಳಿಗೆಲ್ಲ ಶಶಿಕಿರಣ ಕೈಸನ್ನೆಯಲ್ಲೇ ಸಾಮಾನು ಕೊಟ್ಟ. ಅವರ ಮಾತು ಹೆಚ್ಚಿನದು ಇಂಗ್ಲಿಷು. ನಾನು ಬಾಗಿಲ ಹಿಂದೆ ಕೂತು ದನಿ ಮಾತ್ರ ಕೇಳಿದೆ. ಒಂದು ದನಿ ಒರಟಾಗಿತ್ತು, ಪದೇ ಪದೇ ಅದನ್ನೇ ಕೇಳುತ್ತಿತ್ತು. ಕಾತ್ಯಾಯಿನಿ ಮೊದಲು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಆಮೇಲೆ ಯಾವಾಗಲೋ ಅವಳಿಗೇ ತಿಳಿಯದಂತೆ ಕನ್ನಡಕ್ಕೆ ಬಂದುಬಿಟ್ಟಳು.

"ಬೇರೆ ಬೇರೆ ಕೂರಿಸಬಹುದು ಸಾರ್. ಆದ್ರೆ ಆವಾಗ ಅದು ಆ ಕೆಲಸವೇ ಅಲ್ಲ. ಆ ಶೆಡ್ಡಲ್ಲಿ ಒಬ್ಬಳೇ ಆರಿಸೋದು ಅಂತ ಇಲ್ಲವೇ ಇಲ್ಲ. ನಾನು ಇಲ್ಲದೇ ಇರೋದನ್ನ ಅಳೆಯೋಕೆ ಹೋಗಿದ್ದೆ."

"ಹಾಗಾದ್ರೆ ನಿಮ್ಮ ಪ್ರಶ್ನೆ ಸತ್ತುಹೋಯ್ತಲ್ಲ?" ಒರಟು ದನಿಯೂ ಕನ್ನಡ ಮಾತಾಡಿತು.

"ಸತ್ತಿಲ್ಲ ಸಾರ್. ಒಬ್ಬೊಬ್ಬರಿಗೆ ಕೇಳಿದ್ದು ತಪ್ಪು. ಹನ್ನೆರಡು ಜನಕ್ಕೆ ಸೇರಿಸಿ ಕೇಳಬೇಕಿತ್ತು. ಮಾತಿದ್ದಾಗ ಕೈ ಯಾವಾಗ ಪಕ್ಕಕ್ಕೆ ಹೋಗ್ತದೆ, ಮಾತಿಲ್ಲದಾಗ ಯಾವಾಗ ಹೋಗ್ತದೆ? ಅದನ್ನ ನೋಡ್ತೇನೆ. ಇನ್ನೊಂದು ಕೊಯ್ಲು ಟೈಮ್ ಕೊಡಿ."

ಕೊಟ್ಟರು. ಕಳ್ಳ ಲೆಕ್ಕದ ಮಾತು ಬಿಟ್ಟರು. ಆದರೆ ಇದೇ ಕೊನೆ, ಮುಂದಿನ ಕೊಯ್ಲಿನಲ್ಲಿ ಲೆಕ್ಕ ಸರಿ ಬರದಿದ್ದರೆ ಓದು ಅಲ್ಲಿಗೆ ಮುಗಿಯಿತು ಎಂದರು. ಅಣ್ಣ ಪ್ರಸಾದ ಕಳಸದಿಂದ ಫೋನು ಮಾಡಿ, "ಎರಡು ವರ್ಷ ಅಂದಿದ್ದೆ, ಮೂರಾಯ್ತಾ? ಕಾಫಿ ಬೀಜ ನೋಡೋಕೆ ಕಳಸದಲ್ಲಿ ಗಿಡ ಇಲ್ವಾ?" ಎಂದನಂತೆ. ಆ ಮಳೆಗಾಲ ಅವಳು ಮನೆಮನೆಗೆ ಹೋಗಿ ಟ್ಯೂಷನ್ ಹೇಳಿದಳು.

ಮುಂದಿನ ಜನವರಿಯಲ್ಲಿ ಮತ್ತೆ ಹನ್ನೆರಡು ಟ್ರೇ ಬಂದವು. ಮಿಷನ್ ಬಂದಿರಲಿಲ್ಲ. ಈ ಸಲ ಅವಳು ಶೆಡ್ಡಿನ ಅಡ್ಡ ತೊಲೆಗೆ ಮೊಬೈಲು ಕಟ್ಟಿ, ಕೈಗಳು ಮಾತ್ರ ಕಾಣುವ ಹಾಗೆ ವಿಡಿಯೋ ಇಟ್ಟಳು. ಮುಖ ಕಾಣದಿದ್ದರೇನು, ಬಳೆ ನೋಡಿಯೇ ಯಾರ ಕೈ ಎಂದು ಲಿಂಗಪ್ಪನವರು ಹೇಳಬಲ್ಲರು. ಬಳೆ ತೆಗೆಯಿರಿ ಎಂದು ಹೇಳಲು ಬರುತ್ತದೆಯೇ? ತನುಜಾಳೇ ದಾರಿ ಹುಡುಕಿದಳು. ಹಣ್ಣು ಕೊಯ್ಯಲು ಹೋಗುವಾಗ ಸೀರೆಯ ಮೇಲೆ ಹಾಕುವ ಗಂಡಸರ ಉದ್ದ ತೋಳಿನ ಹಳೆ ಅಂಗಿಗಳನ್ನು ಎಲ್ಲರೂ ತಂದು ಹಾಕಿಕೊಂಡರು. ಬಳೆಯೆಲ್ಲ ತೋಳಿನ ಒಳಗೆ. "ಮೇಲಿಂದ ನೋಡಿದ್ರೆ ಹನ್ನೆರಡು ಗಂಡಸ್ರು ಒಂದೇ ಸಲ ಕೆಲ್ಸ ಮಾಡ್ತಾ ಇರೋ ಹಾಗೆ ಕಾಣ್ತದೆ. ಇಂಥದ್ದು ಈ ಊರಲ್ಲಿ ಎಲ್ಲೂ ನೋಡೋಕೆ ಸಿಕ್ಕಲ್ಲ, ಚೆನ್ನಾಗಿ ತೆಗೀರಿ," ಎಂದಳು ತನುಜಾ.

ಕಾತ್ಯಾಯಿನಿ ಇನ್ನೊಂದು ಕೆಲಸ ಮಾಡಿದಳು. ದಿನಾ ಬೆಳಿಗ್ಗೆ ಚೀಟಿ ಎತ್ತಿಸಿ, ಕೂರುವ ಜಾಗವನ್ನೂ ನಂಬರನ್ನೂ ಹೊಸದಾಗಿ ಕೊಟ್ಟಳು. ಇವತ್ತಿನ ಮೂರನೇ ನಂಬರ್ ನಾಳೆ ಯಾರೋ. ಯಾರು ಯಾವ ಚೀಟಿ ಎತ್ತಿದರು ಎಂದು ತಾನೂ ಬರೆದಿಟ್ಟುಕೊಳ್ಳಲಿಲ್ಲ. ಲಿಂಗಪ್ಪನವರು ಲಿಸ್ಟ್ ಕೇಳಿದರೂ ಕೊಡಲು ಲಿಸ್ಟೇ ಇಲ್ಲ. ಗೈಡ್ ಮೇಡಂ ಇದಕ್ಕೆ ಮಾತ್ರ ಬಹಳ ಬೇಜಾರು ಮಾಡಿಕೊಂಡರು. ಒಬ್ಬಳನ್ನೇ ಎಂಟು ದಿನ ಹಿಂಬಾಲಿಸಿದರೆ ತಾನೆ ಮಾತಿನಿಂದ ಅವಳಲ್ಲಿ ಏನು ಬದಲಾಯಿತು ಎಂದು ಗಟ್ಟಿಯಾಗಿ ಹೇಳಬಹುದು, ನೀನು ಕೈಯಾರೆ ನಿನ್ನ ಲೆಕ್ಕದ ಅರ್ಧ ಬಲ ಕಳೆದುಕೊಳ್ಳುತ್ತಿದ್ದೀಯ ಎಂದರಂತೆ. ಗೊತ್ತು ಮೇಡಂ ಎಂದಳಂತೆ ಇವಳು.

ಆದರೆ ಜಾಗ ಬದಲಾಯಿಸಿದ್ದರಿಂದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲೆಲ್ಲ ದೇವೀರಮ್ಮ ಯಾವಾಗಲೂ ತನುಜಾಳ ಮಗ್ಗುಲಲ್ಲೇ. ಈಗ ಒಂದು ದಿನ ಸಾಲಿನ ಆ ತುದಿ, ಒಂದು ದಿನ ಈ ತುದಿ. ಮಾತಾಡುವ ದಿನಗಳಲ್ಲಿ ಯಾರೇ ಹಿಂದೆ ಬೀಳಲಿ, ಎಲ್ಲೇ ಕೂತಿರಲಿ, ಐದಾರು ನಿಮಿಷಕ್ಕೆ ಒಂದು ಟ್ರೇ ಮೆಲ್ಲಗೆ ಪಕ್ಕಕ್ಕೆ ಜರುಗುತ್ತಿತ್ತು, ಒಂದು ಕೈ ಬರುತ್ತಿತ್ತು. ಮಾತಿಲ್ಲದ ದಿನಗಳಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹನ್ನೆರಡು ನಿಮಿಷವಾದ ಮೇಲೆ ಯಾರೋ ತಲೆ ಎತ್ತಿ ನೋಡಿ, ಗಾಬರಿಯಾಗಿ, ನಾಲ್ಕು ಕೈ ಒಂದೇ ಟ್ರೇಗೆ ಬಿದ್ದು ಒಂದಕ್ಕೊಂದು ಅಡ್ಡ ಬರುತ್ತಿದ್ದವು. ತುದಿಯ ಟ್ರೇಗಳಲ್ಲಿ ಹತ್ತು ಹನ್ನೆರಡು ಕೆಟ್ಟ ಬೀಜ ಉಳಿದೇ ಹೋಗುತ್ತಿದ್ದವು. ಕಾತ್ಯಾಯಿನಿ ಎರಡೂ ವಿಡಿಯೋ ಪಕ್ಕಪಕ್ಕ ಇಟ್ಟು ನನಗೆ ತೋರಿಸಿದಳು. ಸದ್ದು ತೆಗೆದುಬಿಟ್ಟಿದ್ದಳು. ಆದರೂ ಯಾವುದು ಮಾತಿನ ದಿನ ಎಂದು ನಾನು ಕೈ ನೋಡಿಯೇ ಹೇಳಿದೆ. ಹೀಗೆ ಬೇರೆ ಬೇರೆ ಜೋಡಿ ಹತ್ತು ಸಲ ತೋರಿಸಿದಳು, ಒಂಬತ್ತು ಸಲ ಸರಿ ಹೇಳಿದೆ.

"ಮಾತು ಕಣ್ಣಿಗೆ ಸಹಾಯ ಮಾಡ್ತದೋ ಇಲ್ವೋ ನಂಗೆ ಇನ್ನೂ ಗೊತ್ತಿಲ್ಲ ವಿಶಾಲಮ್ಮ," ಎಂದಳು. "ಯಾರಿಗೆ ಕೈ ಬೇಕು ಅಂತ ಹೇಳೋದು ಮಾತ್ರ ಮಾತೇ."

ಯೂನಿವರ್ಸಿಟಿಗೆ ಕೊಡುವ ಪುಸ್ತಕ ಬರೆದು ಮುಗಿಸಲು ಮತ್ತೆ ಆರು ತಿಂಗಳು ಹಿಡಿಯಿತು. ಕಳಿಸುವ ಮುಂಚೆ ಶೆಡ್ಡಿಗೆ ಬಂದು, ಕಾಫಿ ಹೊತ್ತಿನಲ್ಲಿ, ಅದರ ನೂರಾ ಹದಿನಾಲ್ಕನೇ ಪುಟವನ್ನು ಕನ್ನಡದಲ್ಲಿ ಹೇಳಿದಳು. ನನ್ನ ಕೆಲಸದಲ್ಲಿ ಇಂತಿಂಥ ಕೊರತೆಗಳಿವೆ ಎಂದು ಅವರವರೇ ಬರೆದುಕೊಳ್ಳುವ ಪುಟ ಒಂದು ಇರುತ್ತದಂತೆ. ದಿನಾ ಚೀಟಿ ಎತ್ತಿಸಿದ್ದರಿಂದ ಒಬ್ಬೊಬ್ಬರನ್ನೇ ಹಿಂಬಾಲಿಸಲು ಆಗಲಿಲ್ಲ ಎಂಬುದೂ ಅದರಲ್ಲಿತ್ತು. "ತನ್ನ ತಪ್ಪು ತಾನೇ ಬರೆದುಕೊಡೋದಾ? ಎಂತ ಓದು ಮಾರಾಯ್ತಿ ಇದು," ಎಂದು ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು. ದೇವೀರಮ್ಮ, ನನ್ನಿಂದಾಗಿ ನಿಮಗೆ ಕಮ್ಮಿ ಮಾರ್ಕು ಬರುತ್ತದಾ ಎಂದು ಕೇಳಿದಳು. ಬರಬಹುದು ಎಂದಳು ಕಾತ್ಯಾಯಿನಿ. ಇಲ್ಲ ಎಂದು ಸುಳ್ಳು ಹೇಳಲಿಲ್ಲ. ದೇವೀರಮ್ಮ ಲೋಟ ಕೆಳಗಿಟ್ಟು, "ಆಯ್ತು," ಎಂದಳು.

ಮೌಖಿಕ ಪರೀಕ್ಷೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಗೆ ಫೋನು ಬಂತು. ಬಸ್‌ಸ್ಟ್ಯಾಂಡಿನ ಗದ್ದಲದ ಮಧ್ಯೆ ಅವಳ ದನಿ.

"ಪಾಸಾಯ್ತು ವಿಶಾಲಮ್ಮ. ಬಿ ಗ್ರೇಡು."

ಎ ಬಂದಿದ್ದರೆ ಇದೇ ವರ್ಷ ಪಿಎಚ್.ಡಿ.ಗೆ ಸೇರಬಹುದಿತ್ತು ಎಂದು ನನಗೆ ಗೊತ್ತಿತ್ತು. ಇನ್ನು ಒಂದು ವರ್ಷ ಎಲ್ಲಾದರೂ ಪಾಠ ಹೇಳಿ, ಬೇರೆ ಪರೀಕ್ಷೆ ಬರೆದು, ಆಮೇಲೆ ನೋಡಬೇಕು. ಮೂಡಿಗೆರೆಯ ಒಂದು ಕಾಲೇಜಿನಲ್ಲಿ ಕೇಳಿದ್ದೇನೆ ಎಂದಳು. ಬೇಜಾರಾಯಿತಾ ಎಂದು ಕೇಳಿದೆ.

"ಬಸ್‌ಸ್ಟ್ಯಾಂಡಿಗೆ ಬರೋವರೆಗೂ ಆಗಿತ್ತು," ಎಂದಳು. "ಹೊರಗಿನ ಊರಿಂದ ಬಂದ ಒಬ್ರು ಮೇಡಂ ಪರೀಕ್ಷೆ ಮಾಡಿದ್ರು. ಚೀಟಿ ದಿನಾ ಬದಲಾಯಿಸಿದ್ದು ತಿಳೀದೆ ಮಾಡಿದ್ದಾ, ಬೇಕಂತಲೇ ಮಾಡಿದ್ದಾ ಅಂದ್ರು. ಬೇಕಂತಲೇ ಅಂದೆ. ಯಾಕೆ ಅಂದ್ರು. ಆ ಹೆಂಗಸರಿಗೆ ಮಾತು ಕೊಟ್ಟಿದ್ದೆ ಅಂದೆ. ಎಂತ ಕಳ್ಕೊಂಡ್ರಿ ಗೊತ್ತಾ ಅಂದ್ರು. ಗೊತ್ತು, ನೂರಾ ಹದಿನಾಲ್ಕನೇ ಪುಟದಲ್ಲಿದೆ ಅಂದೆ. ಆಮೇಲೆ ಅವರು ತುಂಬಾ ಹೊತ್ತು ಬರೀತಾನೇ ಇದ್ರು."

"ಎಂತ ಬರೆದ್ರು?"

"ಗೊತ್ತಿಲ್ಲ. ಕುತ್ತಿಗೆ ಉದ್ದ ಮಾಡಿ ನೋಡಿದೆ, ಕಾಣಲಿಲ್ಲ," ಎಂದು ನಕ್ಕಳು. ಹಿಂದೆ ಕಂಡಕ್ಟರು ಚಿಕ್ಕಮಗಳೂರು, ಚಿಕ್ಕಮಗಳೂರು ಎಂದು ಕೂಗುತ್ತಿದ್ದ.